ಅಂಜುವವರ ಪರವಾಗಿ

ಉಜ್ಜೀವನ ಕೂಟದ ಕೊನೆಯ ಹತ್ತು ನಿಮಿಷ ಹೇಗಿರುತ್ತದೆಂದು ನಮ್ಮ ಕ್ರೈಸ್ತರಿಗೆ ವಿವರಿಸಬೇಕಾಗಿಲ್ಲ. ಕೀಬೋರ್ಡಿನ ಸದ್ದು ತಗ್ಗುತ್ತದೆ, ಎಲ್ಲರೂ ಕಣ್ಣು ಮುಚ್ಚಬೇಕೆಂಬ ಸೂಚನೆ ಬರುತ್ತದೆ, ಅದುವರೆಗೆ ಗುಡುಗುತ್ತಿದ್ದ ಬೋಧಕರ ದನಿ ಮೆತ್ತಗಾಗುತ್ತದೆ. ಈ ರಾತ್ರಿಯೇ ತೀರ್ಮಾನ ಮಾಡಿ, ನಾಳೆ ನಿಮ್ಮ ಕೈಯಲ್ಲಿಲ್ಲ. ನಿಮ್ಮನ್ನು ಹಿಡಿದೆಳೆಯುತ್ತಿರುವ ಭಯ ದೇವರಿಂದ ಬಂದದ್ದಲ್ಲ, ಸೈತಾನನದು. ಅದನ್ನು ಕುರ್ಚಿಯಲ್ಲೇ ಬಿಟ್ಟು ಮುಂದೆ ಬನ್ನಿ. ಬಂದವರ ಹೆಸರು, ಫೋನ್ ನಂಬರು ಒಂದು ಚೀಟಿಯ ಮೇಲೆ ಏರುತ್ತದೆ. ಮರುದಿನ ಕೈ ಎತ್ತಿದವರ ಸಂಖ್ಯೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ. ಕುರ್ಚಿಯಲ್ಲೇ ಕೂತವರ ಬಗ್ಗೆ ಯಾರೂ ಏನೂ ಬರೆಯುವುದಿಲ್ಲ.

ಇದು ಪೆಂಟಕೋಸ್ಟ್ ಸಭೆಗಳ ಚಾಳಿ ಎಂದು ಮೂಗು ಮುರಿಯುವವರು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಕಥೋಲಿಕರ ಕರಿಜ್ಮ್ಯಾಟಿಕ್ ಧ್ಯಾನಕೂಟಗಳಲ್ಲಿ, ಗುರುಗಳಾಗಲು, ಕನ್ಯಾಸ್ತ್ರೀಯರಾಗಲು ಹುಡುಗ ಹುಡುಗಿಯರನ್ನು ಕರೆಯುವ ಶಿಬಿರಗಳಲ್ಲಿ, ಸಿಎಸ್ಐ ಯುವಜನ ರಿಟ್ರೀಟುಗಳಲ್ಲಿ ದನಿ ಬೇರೆ, ಮಾತು ಇದೇ. ಒಪ್ಪಿಸಿಕೊಡಲು ಹಿಂಜರಿಯುವುದು ನಂಬಿಕೆಯ ಕೊರತೆ. ಅದಕ್ಕೆ ಮದ್ದು ದಿಟ್ಟವಾದ ಒಂದು ತಕ್ಷಣದ ನಿರ್ಧಾರ. ಈಗಿನ ಹುಡುಗರಿಗೆ ಮದುವೆಯೂ ಭಯ, ನೌಕರಿಯಲ್ಲಿ ನಿಲ್ಲುವುದೂ ಭಯ, ದೇವರಿಗೆ ಮಾತು ಕೊಡುವುದೂ ಭಯ ಎಂಬ ಗೊಣಗಾಟವೂ ಇದರ ಜೊತೆಗೆ ಬಂದೇ ಬರುತ್ತದೆ.

ಈ ಬೋಧನೆ ತಪ್ಪು ಎಂಬುದು ನನ್ನ ವಾದ. ಮಾತು ಕೊಡುವುದೆಂದರೇನೆಂದು ಅರಿತವರಿಗೇ ಮಾತು ಕೊಡುವಾಗ ಕೈ ನಡುಗುತ್ತದೆ. ಆ ಅಂಜಿಕೆಯನ್ನು ದಾಟಿಸುವ ಹೊಣೆಯಲ್ಲಿ ದೊಡ್ಡ ಪಾಲು ಕರೆಯುವ ಸಭೆಯದು. ಸಭೆ ತನ್ನ ಪಾಲನ್ನು ಮಾಡದೆ, ಇಡೀ ಹೊರೆಯನ್ನು ಅಂಜಿದವನ ತಲೆಗೆ ಕಟ್ಟಿ ಅದಕ್ಕೆ ಅವಿಶ್ವಾಸ ಎಂಬ ಹೆಸರಿಟ್ಟಿದೆ.

ಬೈಬಲನ್ನೇ ತೆಗೆಯೋಣ, ಬೋಧಕರು ಕೈಯಲ್ಲಿ ಹಿಡಿದಿರುವುದು ಅದನ್ನೇ ತಾನೆ. ಉರಿಯುವ ಪೊದೆಯ ಮುಂದೆ ನಿಂತ ಮೋಶೆ ಒಂದಾದ ಮೇಲೊಂದು ನೆಪ ಹೂಡಿ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಎಂದೇ ಬಿಟ್ಟ. ಗಿದ್ಯೋನ ಕುರಿಯ ತುಪ್ಪಟವನ್ನು ಕಣದಲ್ಲಿಟ್ಟು ಎರಡು ರಾತ್ರಿ ದೇವರನ್ನೇ ಪರೀಕ್ಷೆಗೆ ಒಡ್ಡಿದ. ಯೆರೆಮೀಯ ತಾನಿನ್ನೂ ಚಿಕ್ಕವನೆಂದ. ಇವರಲ್ಲಿ ಯಾರನ್ನೂ ದೇವರು ಭಯಪಟ್ಟ ಕಾರಣಕ್ಕೆ ಕೈಬಿಡಲಿಲ್ಲ. ಮೋಶೆಯ ಮೇಲೆ ಸಿಟ್ಟು ಬಂದದ್ದುಂಟು, ಆದರೆ ಆ ಸಿಟ್ಟಿನಲ್ಲೂ ಮಾತಾಡಬಲ್ಲ ಅಣ್ಣನನ್ನು ಜೊತೆಗೆ ಕೊಟ್ಟ. ಇತ್ತ ಯೆಫ್ತಾಹ ಹಿಂದೆ ಮುಂದೆ ನೋಡದೆ ಹರಕೆ ಹೊತ್ತ. ಅದರ ಬೆಲೆ ತೆತ್ತವಳು ಅವನ ಒಬ್ಬಳೇ ಮಗಳು. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಮೇಲು ಎಂದು ಪ್ರಸಂಗಿಯ ಪುಸ್ತಕ ಎಚ್ಚರಿಸುವುದು ಸುಮ್ಮನೆ ಅಲ್ಲ.

ಇನ್ನು ಯೆಹೋಶುವ. ಮುದುಕನಾದ ಮೇಲೆ ಶೆಕೆಮಿನಲ್ಲಿ ಜನರನ್ನೆಲ್ಲ ಸೇರಿಸಿ, ಯಾರನ್ನು ಸೇವಿಸುತ್ತೀರಿ ಆರಿಸಿಕೊಳ್ಳಿ ಎಂದ. ಆ ಮಾತು ಈಗ ಕ್ರೈಸ್ತರ ಮನೆಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಅದೇ ಅಧ್ಯಾಯದಲ್ಲಿ ಮುಂದೆ ನಡೆಯುವುದನ್ನು ಮಾತ್ರ ಯಾರೂ ಚೌಕಟ್ಟು ಹಾಕಿಸಿಲ್ಲ. ಜನ ಒಕ್ಕೊರಲಿನಿಂದ ನಾವು ಯೆಹೋವನನ್ನೇ ಸೇವಿಸುತ್ತೇವೆ ಎಂದಾಗ ಯೆಹೋಶುವ ಹಲ್ಲೆಲೂಯ ಎನ್ನಲಿಲ್ಲ, ತಲೆ ಎಣಿಸಲೂ ಇಲ್ಲ. ಅದು ನಿಮ್ಮಿಂದ ಆಗದು ಎಂದ. ಯೇಸುವೂ ಹಾಗೆಯೇ. ನೀನು ಎಲ್ಲಿಗೆ ಹೋದರೂ ಹಿಂದೆ ಬರುತ್ತೇನೆ ಎಂದು ಉತ್ಸಾಹದಿಂದ ಬಂದವನಿಗೆ, ತನಗೆ ತಲೆಯಿಡಲೂ ಜಾಗವಿಲ್ಲವೆಂದು ಹೇಳಿದ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ, ಹತ್ತು ಸಾವಿರ ಸೈನಿಕರ ಅರಸ ಇಪ್ಪತ್ತು ಸಾವಿರದವನ ಮೇಲೆ ಹೋಗುವ ಮುನ್ನ ಕೂತು ಯೋಚಿಸುವುದಿಲ್ಲವೇ ಎಂದು ಕೇಳಿದ. ಲೂಕನ ಸುವಾರ್ತೆಯ 14ನೆಯ ಅಧ್ಯಾಯದ ಆ ಎರಡೂ ಸಾಮ್ಯಗಳಲ್ಲಿ ಮನುಷ್ಯ ಮೊದಲು ಮಾಡುವ ಕೆಲಸ ಕೂರುವುದು. ನಮ್ಮ ಕೂಟಗಳಲ್ಲಿ ಎದ್ದು ಬಂದವರಿಗೆ ಮಾತ್ರ ಮರ್ಯಾದೆ.

ಇದಕ್ಕೆ ಎದುರಾಗಿ ಬೆಸ್ತರ ಕಥೆ ತರುತ್ತಾರೆ. ಕರೆದ ಕೂಡಲೇ ಬಲೆ ಬಿಟ್ಟು ಹೊರಟರಲ್ಲ! ಮಾರ್ಕನೊಬ್ಬನನ್ನೇ ಓದಿದರೆ ಹಾಗೆಯೇ ಕಾಣುತ್ತದೆ. ಯೋಹಾನನ ಪ್ರಕಾರ ಅಂದ್ರೆಯನು ಅದಕ್ಕೂ ಮೊದಲೇ ಯೊರ್ದನಿನ ಬಳಿ ಯೇಸುವನ್ನು ಕಂಡು, ಅವನ ಬಿಡಾರಕ್ಕೆ ಹೋಗಿ, ಸಂಜೆಯ ಹೊತ್ತಿನಿಂದ ಅಲ್ಲೇ ಉಳಿದಿದ್ದ. ಸೀಮೋನನನ್ನು ಕರೆತಂದವನೂ ಅವನೇ. ಲೂಕನ ಪ್ರಕಾರ ಬಲೆ ಬಿಡುವ ಮುನ್ನವೇ ಯೇಸು ಸೀಮೋನನ ಮನೆಗೆ ಹೋಗಿ ಅವನ ಅತ್ತೆಯ ಜ್ವರ ಬಿಡಿಸಿದ್ದ. ಕರೆ ಬಂದದ್ದು ಪರಿಚಯವಾದ ಮೇಲೆ, ಮನೆಯೊಳಗೆ ಕಾಲಿಟ್ಟ ಮೇಲೆ. ಇದೇ ಸೀಮೋನ ಪೇತ್ರ ಕೊನೆಯ ರಾತ್ರಿ ಎಲ್ಲರಿಗಿಂತ ಗಟ್ಟಿಯಾಗಿ, ಸತ್ತರೂ ನಿನ್ನ ಕೈಬಿಡುವುದಿಲ್ಲ ಎಂದ. ಭಯವನ್ನು ಕುರ್ಚಿಯಲ್ಲಿ ಬಿಟ್ಟು ಬಂದ ನಿರ್ಧಾರ ಎಂದರೆ ಇದು. ಕೋಳಿ ಕೂಗುವವರೆಗೂ ಅದು ಬಾಳಲಿಲ್ಲ. ಅದೇ ರಾತ್ರಿ ಗೆತ್ಸೇಮನೆಯಲ್ಲಿ ಯೇಸು ಮಾತ್ರ ಮನಸ್ಸು ಕಳವಳಗೊಂಡು, ಸಾಧ್ಯವಿದ್ದರೆ ಈ ಪಾತ್ರೆ ತಪ್ಪಲಿ ಎಂದು ಬೇಡುತ್ತಿದ್ದ. ಅಂಜಿದವನು ನಿಂತ, ಅಂಜದವನು ಓಡಿದ.

ನಿಕೊದೇಮನ ವಿಷಯವನ್ನಂತೂ ನಮ್ಮ ಬೋಧಕರು ಗೇಲಿಗೆಂದೇ ಇಟ್ಟುಕೊಂಡಿದ್ದಾರೆ. ರಾತ್ರಿ ಕದ್ದು ಬಂದ ಪುಕ್ಕಲ, ಅಷ್ಟೇ. ಅವನು ಯೋಹಾನನ ಸುವಾರ್ತೆಯಲ್ಲಿ ಇನ್ನೆರಡು ಸಲ ಬರುತ್ತಾನೆ. ಸಭೆಯ ಹಿರಿಯರ ನಡುವೆ, ವಿಚಾರಿಸದೆ ಒಬ್ಬನಿಗೆ ತೀರ್ಪು ಕೊಡಬಹುದೇ ಎಂದು ಅಳುಕುತ್ತಲೇ ಬಾಯಿ ತೆರೆಯುತ್ತಾನೆ. ಧೈರ್ಯದ ಮಾತಾಡಿದ್ದ ಶಿಷ್ಯರು ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ, ಹಾಡುಹಗಲೇ, ಇಂದಿನ ಅಳತೆಯಲ್ಲಿ 30 ಕಿಲೋಗೂ ಮೇಲಾದ ಪರಿಮಳದ್ರವ್ಯ ಹೊರಿಸಿಕೊಂಡು ಶವಸಂಸ್ಕಾರಕ್ಕೆ ಬರುತ್ತಾನೆ. ಆ ಮೊದಲ ರಾತ್ರಿ ಯೇಸು ಅವನನ್ನು, ಕೈ ಎತ್ತು ಇಲ್ಲವೇ ಹೊರಡು ಎಂದಿದ್ದರೆ ಈ ಮೂರನೆಯ ದೃಶ್ಯ ಇರುತ್ತಿರಲಿಲ್ಲ.

ದೇವರು ನಮಗೆ ಭಯದ ಆತ್ಮವನ್ನು ಕೊಟ್ಟಿಲ್ಲವೆಂದು ಪೌಲ ತಿಮೊಥೆಯನಿಗೆ ಬರೆದಿಲ್ಲವೇ ಎಂದು ಕೇಳುವವರಿದ್ದಾರೆ. ಬರೆದಿದ್ದಾನೆ. ಬೇಡಿ ತೊಟ್ಟು ಸೆರೆಯಲ್ಲಿದ್ದವನು, ಆಗಲೇ ಹಸ್ತಾರ್ಪಣೆಯಾಗಿ ಸೇವೆಯಲ್ಲಿದ್ದ ಮಗನಂಥ ಶಿಷ್ಯನಿಗೆ, ತನ್ನ ಬೇಡಿಯ ಬಗ್ಗೆ ನಾಚಬೇಡ ಎಂದು ಬರೆದ ಪತ್ರ ಅದು. ಅವನ ಅಜ್ಜಿ ಲೋವಿ, ತಾಯಿ ಯೂನಿಕೆಯರ ನಂಬಿಕೆಯನ್ನು ನೆನಪಿಸಿಯೇ ಪೌಲ ಆ ಮಾತಿಗೆ ಬರುತ್ತಾನೆ. ಅದನ್ನು ಹರಿದು ತಂದು, ಇವತ್ತೇ ಮೊದಲ ಸಲ ಕೂಟಕ್ಕೆ ಬಂದ ಹುಡುಗಿಯ ಹಿಂಜರಿಕೆಗೆ ಅಂಟಿಸುವುದು ವಚನಕ್ಕೆ ಮಾಡುವ ಅನ್ಯಾಯ.

ಹಾಗಾದರೆ ಈ ಪದ್ಧತಿ ಎಲ್ಲಿಂದ ಬಂತು? ಅಪೊಸ್ತಲರಿಂದ ಬರಲಿಲ್ಲ. ಅಮೆರಿಕದ ಚಾರ್ಲ್ಸ್ ಫಿನ್ನಿ ಎಂಬ ವಕೀಲ ಸುವಾರ್ತಿಕನಾದ. 1830ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕೂಟಗಳನ್ನು ನಡೆಸುವಾಗ ಮುಂದಿನ ಸಾಲಿನ ಬೆಂಚುಗಳನ್ನು ಖಾಲಿ ಬಿಡಿಸಿ, ಆತ್ಮದ ಕಳವಳ ಇರುವವರು ಎಲ್ಲರೆದುರು ಬಂದು ಅಲ್ಲಿ ಕೂರಬೇಕೆಂದ. ಸರಿಯಾದ ಉಪಾಯ ಬಳಸಿದರೆ ಉಜ್ಜೀವನ ಬರುತ್ತದೆಂಬುದು 1835ರ ಅವನ ಉಪನ್ಯಾಸಗಳ ತಿರುಳು. ವಕೀಲನಿಗೆ ಜ್ಯೂರಿಯಿಂದ ತೀರ್ಪು ಪಡೆಯುವ ಕಲೆ ಗೊತ್ತಿತ್ತು. ಪೆನ್ಸಿಲ್ವೇನಿಯಾದ ಜಾನ್ ನೆವಿನ್ ಎಂಬ ದೈವಶಾಸ್ತ್ರಜ್ಞ 1843ರಲ್ಲಿ ಆ ಬೆಂಚಿನ ಹೆಸರಲ್ಲೇ ಒಂದು ಖಂಡನ ಗ್ರಂಥ ಬರೆದ. ನಂಬಿಕೆ ಬೆಳೆಯುವುದು ಸಭೆಯ ನಿತ್ಯದ ಬೋಧನೆ, ಆರೈಕೆಗಳಲ್ಲಿ, ಬೆಂಚಿಗೆ ನಡೆದು ಬರುವುದನ್ನೇ ಪರಿವರ್ತನೆ ಎಂದು ಎಣಿಸುವುದು ಮೋಸ ಎಂಬುದು ಅವನ ಆರೋಪ. ನೆವಿನ್ ಸೋತ, ಬೆಂಚು ಗೆದ್ದಿತು. 20ನೆಯ ಶತಮಾನದಲ್ಲಿ ಬಿಲ್ಲಿ ಗ್ರಹಾಂ ಕ್ರೀಡಾಂಗಣಗಳಲ್ಲಿ ಅದನ್ನು ಬೆಳೆಸಿದರು. 1960ರಲ್ಲಿ ಅವರ ಸಂಸ್ಥೆ ಶುರುಮಾಡಿದ ಪತ್ರಿಕೆಯ ಹೆಸರೇ 'ಡಿಸಿಷನ್'. ಜನ ಮುಂದೆ ಬರುವಾಗ ಅಲ್ಲಿ ಹಾಡುತ್ತಿದ್ದದ್ದು ಷಾರ್ಲೆಟ್ ಎಲಿಯಟ್ ಎಂಬ ಕಾಯಿಲೆಯ ಹೆಣ್ಣುಮಗಳು ಬರೆದ ಕೀರ್ತನೆ. ತಮಾಷೆಯೆಂದರೆ ಆ ಕೀರ್ತನೆಯಲ್ಲಿ ಆಕೆ ತನ್ನ ಸಂಶಯ, ಭಯಗಳನ್ನೆಲ್ಲ ಹೊತ್ತುಕೊಂಡೇ ಬರುತ್ತಾಳೆ. ಬೋಧಕರು ಬಿಟ್ಟು ಬನ್ನಿ ಎನ್ನುತ್ತಾರೆ, ಗಾಯಕವೃಂದ ತೆಗೆದುಕೊಂಡು ಬಂದೆ ಎಂದು ಹಾಡುತ್ತದೆ.

ಎರಡು ಸಾವಿರ ವರ್ಷದ ಸಭೆಯಲ್ಲಿ ಸುಮಾರು ಇನ್ನೂರು ವರ್ಷದ ಪದ್ಧತಿ ಇದು. ಹಳೆಯ ಸಭೆ ಅಂಜಿಕೆಯನ್ನು ಬೇರೆ ಬಗೆಯಲ್ಲಿ ನಡೆಸಿಕೊಂಡಿತ್ತು. ಹಿಪ್ಪೊಲಿಟಸನದೆಂದು ಹೇಳುವ 'ಅಪೊಸ್ತಲಿಕ ಸಂಪ್ರದಾಯ' ದೀಕ್ಷಾಸ್ನಾನ ಬಯಸುವವರು ಮೂರು ವರ್ಷ ಉಪದೇಶ ಕೇಳಬೇಕೆನ್ನುತ್ತದೆ. ಅವರ ನಡತೆಗೆ ಜಾಮೀನಾಗುವವರು ಸಭೆಯೊಳಗೇ ಇರಬೇಕಿತ್ತು. 6ನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯ 58ನೆಯ ಅಧ್ಯಾಯ ಓದಿದರೆ ಈಗಿನ ಸಂಘಟಕರು ಬೆಚ್ಚಿಬೀಳುತ್ತಾರೆ. ಮಠಕ್ಕೆ ಸೇರಲು ಬಂದವನಿಗೆ ಸುಲಭದಲ್ಲಿ ಬಾಗಿಲು ತೆರೆಯಬಾರದು. ನಾಲ್ಕೈದು ದಿನ ತಟ್ಟುತ್ತಲೇ ಇದ್ದರೆ ಒಳಗೆ ಬಿಡಬೇಕು. ಎರಡು ತಿಂಗಳಾದ ಮೇಲೆ ಇಡೀ ನಿಯಮಾವಳಿಯನ್ನು ಓದಿ ಹೇಳಿ, ಆಗದಿದ್ದರೆ ಹೋಗಲು ಸ್ವತಂತ್ರನೆನ್ನಬೇಕು. ಆರು ತಿಂಗಳಾದ ಮೇಲೆ ಮತ್ತೊಮ್ಮೆ, ಇನ್ನೂ ನಾಲ್ಕು ತಿಂಗಳಾದ ಮೇಲೆ ಮಗದೊಮ್ಮೆ. ಪ್ರತಿಜ್ಞೆ ಮಾಡಿ ಮಠದ ಬಟ್ಟೆ ತೊಟ್ಟ ಮೇಲೂ ಅವನ ಹಳೆಯ ಬಟ್ಟೆಯನ್ನು ಎಸೆಯದೆ ಉಗ್ರಾಣದಲ್ಲಿ ಜೋಪಾನವಾಗಿಡಬೇಕು, ಎಂದಾದರೂ ಹೋಗಬೇಕಾಗಿ ಬಂದರೆ ಬೇಕಾಗುತ್ತದೆಂದು. ಜೀವನಪೂರ್ತಿಯ ಮಾತನ್ನು ಬೇಡುವ ಮಠವೊಂದು ಇಷ್ಟು ಧಾರಾಳವಾಗಿ ಹಿಂತಿರುಗುವ ದಾರಿ ತೋರಿಸಿತ್ತು. ಕಥೋಲಿಕ ಸನ್ಯಾಸ ಸಂಸ್ಥೆಗಳಲ್ಲಿ ಈಗಲೂ ಕನಿಷ್ಠ ಹನ್ನೆರಡು ತಿಂಗಳ ನವಶಿಷ್ಯತ್ವ, ಆಮೇಲೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ತಾತ್ಕಾಲಿಕ ವ್ರತ ಇರುವುದು ಇದೇ ವಿವೇಕದ ಮುಂದುವರಿಕೆ. ನಮ್ಮ ದೇವಾಲಯಗಳಲ್ಲಿ ಮದುವೆಗೆ ಮುಂಚೆ ಭಾನುವಾರಗಳಲ್ಲಿ ಹೆಸರು ಕೂಗುವುದೂ ಇದೇ ಬಗೆಯದು. ಗಂಡನಿಗೆ ಮಾತು ಕೊಡಲು ಇಷ್ಟು ವ್ಯವಧಾನ, ದೇವರಿಗೆ ಕೊಡಲು ಹತ್ತು ನಿಮಿಷ!

ಸಂತ ಆಗಸ್ಟೀನನ ಕಥೆಯನ್ನು ಎಲ್ಲ ಪಂಗಡದವರೂ ಹೇಳುತ್ತಾರೆ, ಮತ್ತು ಎಲ್ಲರೂ ಅದನ್ನು ಮಿಲಾನಿನ ತೋಟದಲ್ಲಿ ನಿಲ್ಲಿಸಿಬಿಡುತ್ತಾರೆ. 386ರ ಬೇಸಗೆ, ಮಗುವಿನ ದನಿ, ತೆರೆದ ಪುಸ್ತಕ, ಕಣ್ಣೀರು, ಮುಗಿಯಿತು. ಅವನು ಸತ್ಯವನ್ನು ಅರಸತೊಡಗಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ತೋಟದಲ್ಲಿ ಅತ್ತಾಗ ಮೂವತ್ತು ದಾಟಿತ್ತು. ತೋಟದ ನಂತರವೂ ಅವನು ಆ ರಾತ್ರಿ ನೀರಿಗಿಳಿಯಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಯವರೆಗೆ ಪಾಠ ಹೇಳಿ, ಕೆಲಸ ಬಿಟ್ಟು, ಗೆಳೆಯರ ಜೊತೆ ಹಳ್ಳಿಯ ಮನೆಯಲ್ಲಿ ತಿಂಗಳುಗಟ್ಟಲೆ ಓದಿ, ಚರ್ಚಿಸಿ, ತಪಸ್ಸುಕಾಲದಲ್ಲಿ ಹೆಸರು ಕೊಟ್ಟು, 387ರ ಪಾಸ್ಕ ಜಾಗರಣೆಯ ರಾತ್ರಿ ಬಿಷಪ್ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದ. ಆ ಅಂಬ್ರೋಸನಾದರೂ 374ರಲ್ಲಿ ಜನ ಅವನನ್ನು ಬಿಷಪ್ ಎಂದು ಕೂಗಿದಾಗ ತಪ್ಪಿಸಿಕೊಳ್ಳಲು ಹೆಣಗಿದವನು. ನಾಜಿಯಾಂಜಸಿನ ಗ್ರೆಗರಿಯಂತೂ ತಂದೆ ಒತ್ತಾಯದಿಂದ ಯಾಜಕದೀಕ್ಷೆ ಕೊಟ್ಟೊಡನೆ ಊರು ಬಿಟ್ಟು ಓಡಿದ. 362ರ ಪಾಸ್ಕ ಹೊತ್ತಿಗೆ ಮರಳಿ, ತಾನೇಕೆ ಓಡಿದೆನೆಂದು ದೀರ್ಘವಾಗಿ ಬರೆದ. ಬೇರೆಯವರ ಆತ್ಮಗಳ ಹೊಣೆ ಎಂದರೆ ಯಾರಿಗೆ ನಡುಕ ಬಾರದು ಎಂಬುದು ಅವನ ಪ್ರಶ್ನೆ. ಕೈ ತೊಳೆಯದೆ ವೇದಿಕೆ ಹತ್ತಲು ನೂಕಾಡುವವರ ಮೇಲೆ ಅವನಿಗೆ ಅಸಹ್ಯ. ಓಡಿಹೋದವನನ್ನು ಸಭೆ ದೈವಶಾಸ್ತ್ರಜ್ಞನೆಂದು ಗೌರವಿಸುತ್ತದೆ. ನೂಕಾಡಿದವರ ಹೆಸರು ಯಾರಿಗೂ ನೆನಪಿಲ್ಲ.

ನಮ್ಮ ಕಾಲಕ್ಕೆ ಹತ್ತಿರದವರು ಬೇಕೆ? ಮದರ್ ತೆರೇಸಾ ಡಾರ್ಜಿಲಿಂಗಿನ ರೈಲಿನಲ್ಲಿ ಕರೆ ಕೇಳಿದ್ದು 1946ರ ಸೆಪ್ಟೆಂಬರ್ 10ರಂದು. ಲೊರೆಟೊ ಕಾನ್ವೆಂಟ್ ಬಿಟ್ಟು ಹೊರಬಿದ್ದದ್ದು 1948ರ ಆಗಸ್ಟಿನಲ್ಲಿ. ನಡುವಿನ ಎರಡು ವರ್ಷ ಕಲ್ಕತ್ತಾದ ಆರ್ಚ್‌ಬಿಷಪ್ ಪೇರಿಯೆ ಅವಸರಪಡದೆ ಆ ಕರೆಯನ್ನು ಪರೀಕ್ಷಿಸಿದರು. ಆಮೇಲಾದರೂ ಆಕೆಯ ಮನಸ್ಸು ನಿರಾಳವಾಯಿತೇ? 2007ರಲ್ಲಿ ಪ್ರಕಟವಾದ ಆಕೆಯ ಪತ್ರಗಳಲ್ಲಿ ದಶಕಗಳ ಕತ್ತಲೆ ತುಂಬಿದೆ. ಒಪ್ಪಿಸಿಕೊಟ್ಟ ಮೇಲೆ ಭಯ, ಶಂಕೆ ಮಾಯವಾಗುತ್ತವೆಂದು ಭರವಸೆ ಕೊಡುವವರು ಆ ಪತ್ರಗಳನ್ನು ಒಮ್ಮೆ ಓದಲಿ.

ಒಂದು ಆಕ್ಷೇಪವನ್ನು ಮಾತ್ರ ನಾನು ಹಗುರಾಗಿ ತಳ್ಳಿಹಾಕಲಾರೆ. ಕಾಯುವುದೇ ಚಟವಾಗಬಹುದು. 4ನೆಯ ಶತಮಾನದಲ್ಲಿ ಅದು ನಿಜಕ್ಕೂ ಆಯಿತು. ದೀಕ್ಷಾಸ್ನಾನ ಹಳೆಯ ಪಾಪವನ್ನೆಲ್ಲ ತೊಳೆಯುವುದಾದರೆ ಅದನ್ನು ಆದಷ್ಟು ಕೊನೆಗೆ ಇಟ್ಟುಕೊಳ್ಳುವುದೇ ಲಾಭ ಎಂದು ಜನ ಲೆಕ್ಕ ಹಾಕಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಬೆಸಿಲ್, ಗ್ರೆಗರಿ ಮೊದಲಾದವರು ಇದರ ವಿರುದ್ಧ ಉಗ್ರವಾಗಿ ಬೋಧಿಸಿದರು, ಅದು ಸರಿಯೇ. ಆದರೆ ಅದು ಅಂಜಿಕೆಯ ಮಾತಲ್ಲ, ಚೌಕಾಸಿಯ ಮಾತು. ಚೌಕಾಸಿ ಮಾಡುವವನು ತನಗೇನು ಉಳಿಯುತ್ತದೆಂದು ಎಣಿಸುತ್ತಾನೆ, ಅಂಜುವವನು ಕೊಟ್ಟ ಮಾತನ್ನು ಉಳಿಸಿಕೊಳ್ಳಬಲ್ಲೆನೇ ಎಂದು ಕೇಳಿಕೊಳ್ಳುತ್ತಾನೆ. ಇಬ್ಬರನ್ನೂ ಒಂದೇ ಕೋಲಿನಿಂದ ಹೊಡೆಯುವ ಬೋಧಕನಿಗೆ ಕುರಿಗಳ ಪರಿಚಯವಿಲ್ಲ. ಚೌಕಾಸಿಯವನು ಕೈ ಎತ್ತುವುದರಲ್ಲಿ ಹಿಂದೆ ಬೀಳುವುದೂ ಇಲ್ಲ. ಪ್ರತಿ ವರ್ಷ ಎತ್ತುತ್ತಾನೆ.

ಇಷ್ಟು ಹೊತ್ತು ಅಂಜಿಕೆ ಎದೆಯೊಳಗಿನದು ಎಂಬಂತೆ ಬರೆದೆ. ನಮ್ಮ ನಾಡಿನಲ್ಲಿ ಅದರ ಬಹುಪಾಲು ಎದೆಯ ಹೊರಗಿದೆ. ಇಂಗ್ಲಿಷಿನಿಂದ ಬರುವ ಭಕ್ತಿಪುಸ್ತಕಗಳು, ಆಯ್ಕೆಗಳು ವಿಪರೀತವಾದ್ದರಿಂದ ಯಾವುದಕ್ಕೂ ಕಟ್ಟುಬೀಳಲಾಗದ ಶ್ರೀಮಂತ ನಗರಗಳ ತರುಣರಿಗಾಗಿ ಬರೆದವು. ಬೀದರ್ ಕಡೆಯ ಮೆಥೋಡಿಸ್ಟ್ ಸಭೆಯ ಬಾಗಿಲಲ್ಲಿ ನಿಂತ ದಲಿತ ಹುಡುಗನ ಹಿಂಜರಿಕೆಗೂ ಅದಕ್ಕೂ ಏನು ಸಂಬಂಧ? 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾದ ಪ್ರಕಾರ ಹಿಂದೂಗಳಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ದೀಕ್ಷಾಸ್ನಾನದ ನೀರು ಅವನ ಪ್ರಮಾಣಪತ್ರವನ್ನೂ ತೊಳೆದುಬಿಡುತ್ತದೆ. ಹಾಸ್ಟೆಲ್ ಸೀಟು, ತಂಗಿಯ ವಿದ್ಯಾರ್ಥಿವೇತನ, ಊರಿನವರ ಕಣ್ಣು, ತಾಯಿಯ ಅಳು ಇವನ್ನೆಲ್ಲ ಲೆಕ್ಕ ಹಾಕುತ್ತ ಅವನು ರಾತ್ರಿಯೆಲ್ಲ ಹೊರಳಾಡಿದರೆ ಅದನ್ನು ಸೈತಾನನ ಕೆಲಸ ಎನ್ನಲು ಯಾವ ಬೋಧಕನಿಗೆ ಬಾಯಿ ಬರುತ್ತದೆ? ಅವನು ಲೂಕನ 14ನೆಯ ಅಧ್ಯಾಯವನ್ನು ಅಕ್ಷರಶಃ ಪಾಲಿಸುತ್ತಿದ್ದಾನೆ.

ಬಾಸೆಲ್ ಮಿಷನ್‌ನವರಿಗೆ ಇದು ತಿಳಿದಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಜರ್ಮನ್, ಸ್ವಿಸ್ ಪಾದ್ರಿಗಳ ತಪ್ಪುಗಳ ಪಟ್ಟಿ ಉದ್ದವಿದೆ. ಮಾಲೀಕನೂ ಉಪದೇಶಿಯೂ ಒಬ್ಬನೇ ಆದಾಗ ಬರುವ ದಬ್ಬಾಳಿಕೆ ಅದರಲ್ಲಿ ಮೊದಲನೆಯದು. ಆದರೂ ಒಂದು ಸತ್ಯವನ್ನು ಅವರು ಬೇಗ ಕಂಡುಕೊಂಡರು. ಕ್ರೈಸ್ತನಾದವನು ಜಾತಿಯಿಂದ, ಗೇಣಿಯಿಂದ, ಕುಲಕಸುಬಿನಿಂದ ಹೊರಬೀಳುತ್ತಾನೆ. ಅವನಿಗೆ ಧೈರ್ಯ ಹೇಳಿದರೆ ಗಂಜಿ ಬೇಯುವುದಿಲ್ಲ. ಹಾಗಾಗಿ ಮಗ್ಗ ಹಾಕಿದರು, ಮುದ್ರಣಾಲಯ ನಡೆಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಎಂದು ಲೋಕಪ್ರಸಿದ್ಧವಾದದ್ದರ ಹಿಂದೆ ಮತಾಂತರಗೊಂಡವರ ಅನ್ನದ ಪ್ರಶ್ನೆ ಇತ್ತು. ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ, 'ಮಂಗಳೂರ ಸಮಾಚಾರ' ಪತ್ರಿಕೆಯ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರ ಕಾಲದಲ್ಲಿ ದೀಕ್ಷಾಸ್ನಾನ ಪಡೆದಾಗ ಮನೆಯ ಬಾಗಿಲು ಮುಚ್ಚಿತು. ಮಿಷನ್ ಅವರನ್ನು ಚೀಟಿಯ ಮೇಲೆ ಬರೆದುಕೊಂಡು ಮರೆಯಲಿಲ್ಲ; ಬಾಸೆಲ್‌ಗೆ ಕಳಿಸಿ ಓದಿಸಿತು, ಮಿಷನರಿಯಾಗಿ ಮರಳಿ ಕರೆತಂದಿತು. ಮಾತು ಕೊಟ್ಟವನಿಗೆ ಸಭೆಯೂ ಮಾತು ಕೊಟ್ಟಿತು.

ಈಗ ಯಾವ ಸಭೆ ಕೊಡುತ್ತಿದೆ? ಕಟ್ಟುಬೀಳುವ ಭಯದ ಬಗ್ಗೆ ಪ್ರಸಂಗಿಸುವವರ ಮಧ್ಯೆಯೇ ಆ ಭಯ ಢಾಳಾಗಿ ಕಾಣುತ್ತದೆ. ಮುಂದೆ ಬಂದ ಹುಡುಗಿಗೆ ಆರು ತಿಂಗಳಾದ ಮೇಲೆ ಒಬ್ಬರೂ ಫೋನ್ ಮಾಡುವುದಿಲ್ಲ. ಹೊಸದಾಗಿ ಸೇರಿದ ಕುಟುಂಬಕ್ಕೆ ಹಳೆಯ ಕ್ರೈಸ್ತ ಮನೆತನಗಳು ಹೆಣ್ಣು ಕೊಡುವುದಿಲ್ಲ, ಮದುವೆಯ ಮಾತು ಬಂದಾಗ ಯಾವ ಜಾತಿಯಿಂದ ಬಂದವರು ಎಂದು ಮೆಲ್ಲನೆ ವಿಚಾರಿಸುತ್ತವೆ. ಮನೆಯಿಂದ ಹೊರಹಾಕಿಸಿಕೊಂಡವನಿಗೆ ಒಂದು ವಾರದ ಮಟ್ಟಿಗೆ ಕೋಣೆ ಕೊಡುವವರಿಲ್ಲ, ಪ್ರಾರ್ಥಿಸುತ್ತೇವೆ ಎನ್ನುವವರು ಬೇಕಾದಷ್ಟು. ಜೀವನಪೂರ್ತಿಯ ಸಮರ್ಪಣೆಯನ್ನು ಕೇಳುವ ಸಭೆ ತಾನು ಒಂದು ಊಟದ ಮಟ್ಟಿಗೂ ಸಮರ್ಪಿಸಿಕೊಂಡಿಲ್ಲ. ಇದನ್ನು ನೋಡಿಯೂ ಅಂಜದ ಹುಡುಗನಿದ್ದರೆ ಅವನ ನಂಬಿಕೆಯನ್ನು ಮೆಚ್ಚುವ ಮೊದಲು ಅವನ ಬುದ್ಧಿಯ ಬಗ್ಗೆ ನನಗೆ ಚಿಂತೆಯಾಗುತ್ತದೆ.

ಮತ್ತಾಯನ ಕೊನೆಯ ಪುಟದಲ್ಲಿ, ಗಲಿಲಾಯದ ಬೆಟ್ಟದ ಮೇಲೆ ಹನ್ನೊಂದು ಮಂದಿ ಪುನರುತ್ಥಾನ ಹೊಂದಿದ ಯೇಸುವಿಗೆ ಅಡ್ಡಬೀಳುತ್ತಾರೆ. ಕೆಲವರಿಗಂತೂ ಸಂಶಯ ಇತ್ತೆಂದು ಮತ್ತಾಯನೇ ಬರೆದಿದ್ದಾನೆ. ಆ ಸಂಶಯ ತೀರಲೆಂದು ಯೇಸು ಕಾಯಲಿಲ್ಲ, ಸಂಶಯಪಟ್ಟವರನ್ನು ಪಕ್ಕಕ್ಕೆ ನಿಲ್ಲಿಸಲೂ ಇಲ್ಲ. ಎಲ್ಲರಿಗೂ ಒಂದೇ ಕೆಲಸ ಒಪ್ಪಿಸಿ, ತಾನು ಕೊನೆಯವರೆಗೂ ಜೊತೆಗಿರುವೆನೆಂದು ತಾನೇ ಮಾತು ಕೊಟ್ಟ. ಅಂಜಿಕೆ ದಾಟುವ ದಾರಿ ಕ್ರೈಸ್ತ ಧರ್ಮದಲ್ಲಿ ಇರುವುದು ಈ ಕ್ರಮದಲ್ಲಿ: ಕರೆದವನ ಮಾತು ಹೋದವರ ಕಾಲಿಗೆ ಬಲ ಕೊಡುತ್ತದೆ. 1939ರ ಬೇಸಗೆಯಲ್ಲಿ ನ್ಯೂಯಾರ್ಕಿನ ಸುರಕ್ಷಿತ ಕೋಣೆಯಲ್ಲಿ ಕೂತು, ಬಂದದ್ದು ಸರಿಯೋ ತಪ್ಪೋ, ತನ್ನ ಉದ್ದೇಶವಾದರೂ ಏನು ಎಂದು ದಿನಚರಿಯಲ್ಲಿ ತೊಳಲಾಡಿದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಕೆಲವೇ ವಾರಗಳಲ್ಲಿ ಜರ್ಮನಿಗೆ ಮರಳಿದರು. ಅದಕ್ಕೆ ಎರಡು ವರ್ಷ ಮುಂಚೆ ಶಿಷ್ಯತ್ವದ ಮೇಲೆ ಪುಸ್ತಕ ಬರೆದಿದ್ದವರು ಅವರು. ಅವರ ಅಂಜಿಕೆಯನ್ನು ಯಾವ ಬೋಧಕರೂ ಬಿಡಿಸಲಿಲ್ಲ. ಅಲ್ಲಿ ಉಳಿದಿದ್ದ ತಮ್ಮ ಸಭೆಯವರ ಮುಖಗಳು ಹಿಂದಕ್ಕೆ ಎಳೆದವು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಮುಂದಿನ ಕನ್ವೆನ್ಷನ್ನಿಗೆ ಪೆಂಡಾಲ್ ಹಾಕಿಸುವ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಕೊನೆಯ ರಾತ್ರಿ ಎಲ್ಲರೂ ಕಣ್ಣು ತೆರೆದಿರಲಿ, ಕೀಬೋರ್ಡ್ ನಿಲ್ಲಲಿ. ಹೊಸಬರು ಯಾರೂ ಕೈ ಎತ್ತಬೇಕಾಗಿಲ್ಲ. ಇನ್ನು ಮೂರು ವರ್ಷ ಒಬ್ಬ ಹೊಸಬನನ್ನು ತಿಂಗಳಿಗೊಮ್ಮೆ ಮನೆಗೆ ಕರೆದು ಊಟಕ್ಕಿಡುತ್ತೇವೆ, ಅವನು ತೀರ್ಮಾನ ಮಾಡಲಿ ಬಿಡಲಿ, ಎನ್ನುವ ಹಳಬರು ಕೈ ಎತ್ತಲಿ. ಆ ಕೈಗಳನ್ನು ಎಣಿಸಿ ವಾಟ್ಸ್ಆ್ಯಪ್‌ನಲ್ಲಿ ಹಾಕಿ.